ಸಲೀನಾಸ್ ಮಿಷನ್ ಅವಶೇಷಗಳು: ಡಲ್ಲಾಸ್‌ನಿಂದ ಕಾರಿನಲ್ಲಿ ಹೋಗುವವರು ಮೂರು ಊರುಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ದಾರಿಬುತ್ತಿ (ಡಲ್ಲಾಸ್)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಎರಡನೆಯ ವಾರದಲ್ಲಿ ನಮಗೆ ನಾಲ್ಕು ದಿನಗಳ ಬಿಡುವು ಸಿಕ್ಕಿದೆ. ಊರಿನಿಂದ ಬಂದಿರುವ ಅತ್ತೆ, ಮಾವ, ನಮ್ಮ ಇಬ್ಬರು ಮಕ್ಕಳು ಮತ್ತು ನಾವಿಬ್ಬರು, ಒಟ್ಟು ಆರು ಜನ ಕಾರಿನಲ್ಲಿ ನ್ಯೂ ಮೆಕ್ಸಿಕೊಗೆ ಹೋಗಬೇಕೆಂದಿದ್ದೇವೆ. ಮಾವನವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಕಳೆದ ತಿಂಗಳು ಅವರನ್ನು ಸ್ಯಾನ್ ಆಂಟೋನಿಯೊದ ಮಿಷನ್‌ಗಳಿಗೆ, ಎಂದರೆ ಸ್ಪೇನ್‌ನ ಪಾದ್ರಿಗಳು ಧರ್ಮಪ್ರಚಾರಕ್ಕಾಗಿ ಕಟ್ಟಿಸಿದ ನೆಲೆಗಳಿಗೆ, ಕರೆದೊಯ್ದಿದ್ದೆವು. ಸ್ಯಾನ್ ಹೊಸೆಯ ಕೆತ್ತನೆಯ ಕಿಟಕಿಯನ್ನು ಒಮ್ಮೆ ನೋಡಿ ಮುಂದೆ ನಡೆದ ಅವರು ಎಸ್ಪಾಡಾದ ಕಲ್ಲಿನ ಮೇಲ್ಗಾಲುವೆಯ ಎದುರು ಅರ್ಧ ಗಂಟೆ ನಿಂತಿದ್ದರು. ಕಾರಿಗೆ ಮರಳಿದಾಗ ಒಂದು ಪ್ರಶ್ನೆ ಕೇಳಿದರು: ‘ಚರ್ಚನ್ನು ನೋಡಿದ್ದಾಯಿತು, ಇದನ್ನು ಕಟ್ಟಿದ ಜನ ಇಲ್ಲಿಗೆ ಬರುವ ಮೊದಲು ಯಾವ ಊರಿನಲ್ಲಿದ್ದರು?’ ನನ್ನಲ್ಲಿ ಉತ್ತರವಿರಲಿಲ್ಲ.

ಮೌಂಟನ್‌ಏರ್ ಎಂಬ ಸಣ್ಣ ಪಟ್ಟಣದ ಸುತ್ತ ಅಬೋ, ಕ್ವಾರೈ, ಗ್ರಾನ್ ಕಿವೀರಾ ಎಂಬ ಮೂರು ಮಿಷನ್ ಅವಶೇಷಗಳಿವೆ, ಅವನ್ನು ಒಟ್ಟಾಗಿ ಸಲೀನಾಸ್ ಎನ್ನುತ್ತಾರೆ ಎಂದು ಈಚೆಗೆ ತಿಳಿಯಿತು. ಇಷ್ಟು ದೂರದ ಪ್ರಯಾಣಕ್ಕೆ ಅವು ತಕ್ಕವೇ, ಒಂದೇ ದಿನದಲ್ಲಿ ಮೂರನ್ನೂ ನೋಡಬಹುದೇ, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಮರಳುಗಲ್ಲು (ಆಲ್ಬುಕರ್ಕಿ)

ದಾರಿಬುತ್ತಿಯವರೇ, ನಿಮ್ಮ ಮಾವನವರ ಪ್ರಶ್ನೆಗೆ ಸಲೀನಾಸ್‌ನಷ್ಟು ನೇರವಾಗಿ ಉತ್ತರ ಕೊಡುವ ಸ್ಥಳಗಳು ಕಡಿಮೆ. ಸ್ಯಾನ್ ಆಂಟೋನಿಯೊದಲ್ಲಿ ಮಿಷನ್ ಮೊದಲು ಬಂದು, ಸುತ್ತಲಿನ ಅಲೆಮಾರಿ ಗುಂಪುಗಳನ್ನು ಅದರ ಗೋಡೆಗಳೊಳಗೆ ಕರೆತಂದು ನೆಲೆಗೊಳಿಸಿದರು. ನ್ಯೂ ಮೆಕ್ಸಿಕೊದಲ್ಲಿ ನಡೆದದ್ದು ಬೇರೆ. ಇಲ್ಲಿ ಕಲ್ಲಿನ ಮನೆಗಳು, ಕಣಜಗಳು, ಅಂಗಳಗಳಿದ್ದ ಊರುಗಳು ಸ್ಪೇನ್‌ನವರು ಬರುವ ಎಷ್ಟೋ ಕಾಲ ಮೊದಲೇ ಇದ್ದವು, ಫ್ರಾನ್ಸಿಸ್ಕನ್ ಪಾದ್ರಿಗಳು ಬಂದು ಆ ಊರುಗಳ ಅಂಚಿನಲ್ಲಿ ಚರ್ಚ್ ಕಟ್ಟಿಸಿದರು. ಆದ್ದರಿಂದ ಮೂರೂ ಸ್ಥಳಗಳಲ್ಲಿ ಚರ್ಚಿನ ಪಕ್ಕದಲ್ಲೇ ಊರಿನ ದಿಬ್ಬಗಳಿವೆ. ಕ್ವಾರೈ ಮತ್ತು ಅಬೋಗಳಲ್ಲಿ ಅವು ಹುಲ್ಲು ಮುಚ್ಚಿದ ದಿಬ್ಬಗಳಾಗಿಯೇ ಉಳಿದಿವೆ. ಹೆಚ್ಚಿನ ಭಾಗವನ್ನು ಯಾರೂ ಅಗೆದಿಲ್ಲ. ಬಹಳಷ್ಟು ಪ್ರವಾಸಿಗರು ಅವುಗಳನ್ನು ಬರಿಯ ನೆಲವೆಂದು ತಿಳಿದು ಚರ್ಚಿನ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ನನಗೆ ಅದನ್ನು ಕಂಡಾಗಲೆಲ್ಲ ನೋವಾಗುತ್ತದೆ.

ಮೂರೂ ಸ್ಥಳಗಳು ಮೌಂಟನ್‌ಏರ್‌ನಿಂದ ಮೂರು ದಿಕ್ಕಿಗಿವೆ. ಕ್ವಾರೈ ಉತ್ತರಕ್ಕೆ 8 ಮೈಲಿ ಹೋಗಿ ಅಲ್ಲಿಂದ ಪಶ್ಚಿಮಕ್ಕೆ 1 ಮೈಲಿ. ಅಬೋ ಪಶ್ಚಿಮಕ್ಕೆ 9 ಮೈಲಿ ಹೋಗಿ ಅರ್ಧ ಮೈಲಿ ಒಳಕ್ಕೆ. ಗ್ರಾನ್ ಕಿವೀರಾ ದಕ್ಷಿಣಕ್ಕೆ ಸುಮಾರು 25 ಮೈಲಿ. ಎಲ್ಲವೂ ಡಾಂಬರು ರಸ್ತೆಗಳು, ಪ್ರವೇಶಕ್ಕೆ ಶುಲ್ಕವಿಲ್ಲ. ಒಂದು ಇಡೀ ದಿನವಿದ್ದರೆ ಮೂರನ್ನೂ ನೋಡಬಹುದು. ನನ್ನ ಸಲಹೆಯ ಕ್ರಮ ಕ್ವಾರೈ, ಅಬೋ, ಕೊನೆಗೆ ಗ್ರಾನ್ ಕಿವೀರಾ. ಕಾರಣ ನೀರು. ಕ್ವಾರೈಯಲ್ಲಿ ಒರತೆಯಿದೆ, ಅದರ ತಂಪಿನಲ್ಲಿ ಕಾಟನ್‌ವುಡ್ ಮರಗಳು ಬೆಳೆದಿವೆ, ಅಕ್ಟೋಬರ್‌ನಲ್ಲಿ ಅವುಗಳ ಎಲೆ ಹಳದಿಯಾಗಿ ಕೆಂಪು ಮರಳುಗಲ್ಲಿನ ಗೋಡೆಗಳ ಪಕ್ಕದಲ್ಲಿ ಎದ್ದು ಕಾಣುತ್ತದೆ. ಸುಮಾರು 40 ಅಡಿ ಎತ್ತರಕ್ಕೆ ಉಳಿದಿರುವ ಆ ಗೋಡೆಗಳ ನಡುವೆ ನಿಂತಾಗ ಚಾವಣಿಯಿಲ್ಲದಿದ್ದರೂ ಚರ್ಚಿನ ಒಳಾಂಗಣದ ಅಳತೆ ಮನಸ್ಸಿಗೆ ಬರುತ್ತದೆ. ಅಬೋದಲ್ಲೂ ಹಳ್ಳ ಮತ್ತು ಒರತೆಗಳಿದ್ದವು. ಗ್ರಾನ್ ಕಿವೀರಾದ ಬೂದುಬಣ್ಣದ ಸುಣ್ಣಕಲ್ಲಿನ ಗುಡ್ಡದ ಮೇಲೆ ಹರಿಯುವ ನೀರೇ ಇಲ್ಲ. ಈ ಕ್ರಮದಲ್ಲಿ ನೋಡಿದವರಿಗೆ ಆ ಊರುಗಳು ಏಕೆ ಬರಿದಾದವು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ನೀರುಗಂಟಿ (ಫೀನಿಕ್ಸ್)

ಮರಳುಗಲ್ಲು ಅವರ ಕಾರಣವನ್ನು ಒಪ್ಪುತ್ತೇನೆ, ಕ್ರಮವನ್ನು ಒಪ್ಪಲಾರೆ. ವಯಸ್ಸಾದವರು ಜೊತೆಗಿದ್ದಾಗ ದೂರದ, ನೆರಳಿಲ್ಲದ, ಏರಿ ನಡೆಯಬೇಕಾದ ಗ್ರಾನ್ ಕಿವೀರಾವನ್ನು ಬೆಳಿಗ್ಗೆಯೇ ನೋಡಿ ಮುಗಿಸಬೇಕು. ಸಂಜೆ ಹೊತ್ತಿಗೆ ದಣಿದು ಅಲ್ಲಿಗೆ ತಲುಪಿದರೆ ಚರ್ಚಿನ ತನಕ ಹೋಗಿ, ಊರನ್ನು ನೋಡದೆ ಮರಳುವಂತಾಗುತ್ತದೆ. ಮೂರರಲ್ಲಿ ಊರನ್ನು ವಿಸ್ತಾರವಾಗಿ ಅಗೆದು ತೆರೆದಿಟ್ಟಿರುವುದು ಅಲ್ಲಿ ಮಾತ್ರ. ಏಳನೆಯ ದಿಬ್ಬವೆಂದು ಕರೆಯುವ ಭಾಗವನ್ನು 1960ರ ದಶಕದಲ್ಲಿ ಉತ್ಖನನ ಮಾಡಿದಾಗ ಇನ್ನೂರಕ್ಕೂ ಹೆಚ್ಚು ಕೋಣೆಗಳು ದೊರೆತವು. ಅವುಗಳ ಕೆಳಗೆ ಅದಕ್ಕೂ ಹಳೆಯದಾದ, ವೃತ್ತಾಕಾರದಲ್ಲಿ ಕಟ್ಟಿದ ಇನ್ನೊಂದು ಊರಿನ ಗೋಡೆಗಳಿದ್ದವು. ಮಾವನವರು ನೋಡಬೇಕಾದದ್ದು ಇದೇ.

ಹೆಸರಿನ ಬಗ್ಗೆಯೂ ಒಂದು ಮಾತು. ಸ್ಪೇನ್‌ನವರು ಆ ಊರನ್ನು ಲಾಸ್ ಉಮಾನಾಸ್ ಎಂದು ಕರೆಯುತ್ತಿದ್ದರು. ಕಿವೀರಾ ಎಂಬುದು 1541ರಲ್ಲಿ ಸ್ಪೇನ್‌ನ ದಂಡನಾಯಕ ಕೊರೊನಾಡೊ ಚಿನ್ನದ ಆಸೆಯಿಂದ ಹುಡುಕಿಕೊಂಡು ಹೋದ ನಾಡಿನ ಹೆಸರು, ಆ ನಾಡು ಇಂದಿನ ಕ್ಯಾನ್ಸಸ್‌ನಲ್ಲಿತ್ತು. ಊರು ಬರಿದಾದ ಬಳಿಕ ಕಾಲಕ್ರಮದಲ್ಲಿ ನಿಧಿಯ ಕಥೆಗಳೊಡನೆ ಆ ಹೆಸರು ಈ ಗುಡ್ಡಕ್ಕೆ ಅಂಟಿಕೊಂಡಿತು, ನಿಧಿಗಳ್ಳರು ಬಂದು ಅಗೆದರು. ಇಲ್ಲಿ ಚಿನ್ನ ಎಂದೂ ಇರಲಿಲ್ಲ. ಇದ್ದದ್ದು ಮೆಕ್ಕೆಜೋಳ, ಪಿನ್ಯೋನ್ ಬೀಜ, ಉಪ್ಪು, ಬಯಲಿನ ಬೇಟೆಗಾರರೊಡನೆ ವಿನಿಮಯ ಮಾಡಿಕೊಳ್ಳುತ್ತಿದ್ದ ಕಾಡೆಮ್ಮೆಯ ತೊಗಲು.

1660ರ ದಶಕದಲ್ಲಿ ಮಳೆ ಕೈಕೊಟ್ಟಿತು. ಮೂರು ವರ್ಷ ಬೆಳೆ ಬಾರಲಿಲ್ಲವೆಂದೂ 1668ರಲ್ಲಿ ಜನ ದಾರಿಗಳಲ್ಲಿ, ಕೊರಕಲುಗಳಲ್ಲಿ, ಗುಡಿಸಲುಗಳಲ್ಲಿ ಸತ್ತುಬಿದ್ದಿದ್ದರೆಂದೂ ಲಾಸ್ ಉಮಾನಾಸ್ ಒಂದರಲ್ಲೇ 450ಕ್ಕೂ ಹೆಚ್ಚು ಮಂದಿ ಹಸಿವಿನಿಂದ ಸತ್ತರೆಂದೂ ಮರುವರ್ಷ ಒಬ್ಬ ಪಾದ್ರಿ ಬರೆದ ಪತ್ರದಲ್ಲಿದೆ. ಗಾಡಿಗಳ ತೊಗಲುಪಟ್ಟಿಗಳನ್ನು ನೆನೆಸಿ ತಿಂದ ಸಂಗತಿಯನ್ನು ಆ ಕಾಲದ ಇನ್ನೊಂದು ದಾಖಲೆ ಹೇಳುತ್ತದೆ. ಬರ ಹಿಂದೆಯೂ ಬಂದಿತ್ತು, ಆಗ ಕಣಜದಲ್ಲಿ ಕೂಡಿಟ್ಟ ಜೋಳವಿತ್ತು. ಈ ಬಾರಿ ಅದರ ಒಂದು ಪಾಲು ಕಂದಾಯದ ರೂಪದಲ್ಲಿ ಸ್ಪೇನ್‌ನ ಜಮೀನ್ದಾರರಿಗೆ ಹೋಗಿತ್ತು, ದುಡಿಯುವ ಕೈಗಳು ಚರ್ಚಿಗೂ ರಾಜ್ಯಪಾಲರಿಗೂ ಹಂಚಿಹೋಗಿದ್ದವು, ಹೊಸ ರೋಗಗಳು ಜನರನ್ನು ಕಡಿಮೆ ಮಾಡಿದ್ದವು, ಅಪಾಚೆ ಬುಡಕಟ್ಟಿನವರ ದಾಳಿ ಮೇಲಿಂದ ಮೇಲೆ ಬರುತ್ತಿತ್ತು. 1670ರ ದಶಕ ಮುಗಿಯುವುದರೊಳಗೆ ಮೂರು ಊರುಗಳೂ ಖಾಲಿಯಾದವು.

ದಾರಿಬುತ್ತಿ (ಡಲ್ಲಾಸ್)

ಇಬ್ಬರಿಗೂ ಕೃತಜ್ಞತೆಗಳು. ನೀವಿಬ್ಬರೂ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. 450 ಎಂಬ ಸಂಖ್ಯೆಯನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಎರಡು ಪ್ರಶ್ನೆಗಳಿವೆ. ಚರ್ಚಿನ ಆವರಣದೊಳಗೇ ‘ಕೀವಾ’ ಎಂಬ ಮೂಲನಿವಾಸಿಗಳ ಪೂಜಾಸ್ಥಳವಿದೆ ಎಂದು ಓದಿದೆ. ಅವರ ಆಚರಣೆಗಳನ್ನು ನಿಲ್ಲಿಸಲು ಬಂದ ಪಾದ್ರಿಗಳ ಮನೆಯಂಗಳದಲ್ಲಿ ಅದು ಹೇಗೆ ಬಂತು? ಎರಡನೆಯದು ಅತ್ತೆಯವರ ಪ್ರಶ್ನೆ: ಪಾಳುಬಿದ್ದಿದ್ದರೂ ದೇವರ ಸ್ಥಳವಲ್ಲವೇ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇ?

ಮರಳುಗಲ್ಲು (ಆಲ್ಬುಕರ್ಕಿ)

ಅತ್ತೆಯವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಚಪ್ಪಲಿ ಬಿಡುವ ರೂಢಿ ಅಲ್ಲಿಲ್ಲ, ಬಿಡಲೂ ಬಾರದು. ನೆಲದಲ್ಲಿ ಪಾಪಾಸುಕಳ್ಳಿಯ ಮುಳ್ಳುಗಳಿರುತ್ತವೆ, ಬಿಸಿಲಿನ ದಿನಗಳಲ್ಲಿ ಬುಡುಬುಡಿಕೆ ಹಾವುಗಳೂ ಓಡಾಡುತ್ತವೆ, ಆದ್ದರಿಂದ ಮುಚ್ಚಿದ ಬೂಟುಗಳೇ ಸರಿ. ಅವರ ಭಾವನೆ ಮಾತ್ರ ಬಹಳ ಸರಿಯಾದದ್ದು. ಚರ್ಚಿನ ನೆಲದಡಿಯಲ್ಲೂ ಸುತ್ತಲಿನ ಮಣ್ಣಿನಲ್ಲೂ ಸತ್ತವರನ್ನು ಹೂಳಿದ್ದಾರೆ. ಇಸ್ಲೆಟಾ ಮೊದಲಾದ ಇಂದಿನ ಪ್ಯೂಬ್ಲೊಗಳ (ಮೂಲನಿವಾಸಿಗಳ ಊರುಗಳ) ಜನರಿಗೆ ಇದು ಹಿರಿಯರ ಊರು. ಗೋಡೆಯ ಮೇಲೆ ಕೂರದಿರುವುದು, ನೆಲದಲ್ಲಿ ಕಾಣುವ ಮಡಕೆಯ ಚೂರುಗಳನ್ನು ಎತ್ತಿಕೊಳ್ಳದಿರುವುದು, ಮಕ್ಕಳು ದಿಬ್ಬಗಳನ್ನು ಹತ್ತದಂತೆ ನೋಡಿಕೊಳ್ಳುವುದು, ಇವೇ ಅಲ್ಲಿ ತೋರಿಸಬೇಕಾದ ಮಡಿ.

ಕೀವಾದ ಪ್ರಶ್ನೆ ನಿಜಕ್ಕೂ ಕಠಿಣವಾದದ್ದು. ಅಬೋದಲ್ಲಿ ಪಾದ್ರಿಗಳ ವಾಸದ ಕಟ್ಟಡದ ಅಂಗಳದ ನಟ್ಟನಡುವೆ ದುಂಡನೆಯ ಕೀವಾ ಇದೆ, ಕ್ವಾರೈಯಲ್ಲಿ ಅಂಥದೇ ಜಾಗದಲ್ಲಿ ಚೌಕಾಕಾರದ್ದು. ಹಳೆಯ ಮೂರ್ತಿಯ ಮೇಲೆ ಹೊಸ ಗುಡಿ ಕಟ್ಟುವಂತೆ, ಇದ್ದ ಕೀವಾವನ್ನು ತುಂಬಿಸಿ ಅದರ ಮೇಲೆ ಮಿಷನ್ ಕಟ್ಟಿ ತಮ್ಮ ಧರ್ಮದ ಹಿರಿಮೆಯನ್ನು ತೋರಿಸಿದರು ಎಂದು ಮೊದಲು ಹೇಳುತ್ತಿದ್ದರು. ಆದರೆ ಗೋಡೆಗಳ ಕಟ್ಟಡಕ್ರಮವನ್ನು ಸೂಕ್ಷ್ಮವಾಗಿ ಪರಿಶೀಲಿಸಿದವರು ಕೀವಾ ಮತ್ತು ಅಂಗಳ ಒಂದೇ ಕಾಲದಲ್ಲಿ ಒಂದೇ ಯೋಜನೆಯಂತೆ ಎದ್ದಿವೆ ಎಂಬ ಅಭಿಪ್ರಾಯಕ್ಕೆ ಬಂದರು. ಹಾಗಿದ್ದರೆ ಆರಂಭದ ವರ್ಷಗಳಲ್ಲಿ ಪಾದ್ರಿಗಳೇ ಜನರಿಗೆ ಪರಿಚಿತವಾದ ಕೋಣೆಯೊಂದನ್ನು ಕಟ್ಟಿಸಿ ಅಲ್ಲಿ ಹೊಸ ಧರ್ಮವನ್ನು ಬೋಧಿಸಿರಬಹುದು. ನನಗೆ ಈ ಎರಡನೆಯ ವಿವರಣೆಯೇ ಹೆಚ್ಚು ಒಪ್ಪಿಗೆಯಾಗುತ್ತದೆ. ಪೂರ್ಣವಾಗಿ ಇತ್ಯರ್ಥವಾದ ವಿಷಯ ಇದಲ್ಲ.

ಅತ್ತೆಯವರಿಗೆ ಇನ್ನೊಂದು ಸಂಗತಿ ಹೇಳಿ. ಪ್ಯೂಬ್ಲೊ ಜನರಲ್ಲಿ ಗೋಡೆ ಕಟ್ಟುವುದು ಹೆಂಗಸರ ಕೆಲಸವಾಗಿತ್ತು. ಗಂಡಸನ್ನು ಗೋಡೆ ಕಟ್ಟಲು ಹಚ್ಚಿದರೆ ಹೆಂಗಸರು ನಗುತ್ತಾರೆ, ಅವನು ನಾಚಿ ಓಡಿಹೋಗುತ್ತಾನೆ ಎಂದು 1630ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಬೆನಾವಿದೆಸ್ ಬರೆದಿದ್ದಾರೆ. ಚರ್ಚುಗಳನ್ನು ಹೆಂಗಸರೂ ಮಕ್ಕಳೂ ಕಟ್ಟಿದರೆಂಬುದೂ ಅವರದೇ ಮಾತು. ಹಾಗಾದರೆ ಕ್ವಾರೈಯ 40 ಅಡಿಯ ಗೋಡೆಯಲ್ಲಿ ಒಂದೊಂದು ಚಪ್ಪಟೆ ಕಲ್ಲನ್ನೂ ಕೆಸರುಗಾರೆಯಲ್ಲಿ ಕೂರಿಸಿದವು ಅವರ ಕೈಗಳು. ಅದನ್ನು ತಿಳಿದ ಮೇಲೆ ಆ ಗೋಡೆಯನ್ನು ನೋಡುವ ನನ್ನ ರೀತಿಯೇ ಬದಲಾಯಿತು.

ನೀರುಗಂಟಿ (ಫೀನಿಕ್ಸ್)

ಕೀವಾದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. 1620ರ ದಶಕದ ಹೊಂದಾಣಿಕೆಯನ್ನು ಇಡೀ ಕಾಲಕ್ಕೆ ಹಚ್ಚಬಾರದು. 1659ರಲ್ಲಿ ರಾಜ್ಯಪಾಲರಾಗಿ ಬಂದ ಲೋಪೆಸ್ ದೆ ಮೆಂಡಿಸಾಬಲ್ ಪ್ಯೂಬ್ಲೊ ಜನರ ಕಚೀನಾ ಎಂಬ ಧಾರ್ಮಿಕ ಕುಣಿತಗಳಿಗೆ ಅನುಮತಿ ಕೊಟ್ಟರು. ಪಾದ್ರಿಗಳ ಪಾಲಿಗೆ ಅದು ವಿಗ್ರಹಾರಾಧನೆಯಾಗಿತ್ತು. ಅವರ ದೂರುಗಳ ಮೇಲೆ ಧರ್ಮವಿಚಾರಣಾ ಪೀಠವು ರಾಜ್ಯಪಾಲರನ್ನೇ ಬಂಧಿಸಿತು, 1664ರಲ್ಲಿ ಅವರು ಮೆಕ್ಸಿಕೊ ನಗರದ ಸೆರೆಮನೆಯಲ್ಲಿ ತೀರಿಕೊಂಡರು. ಹಾಗೆಂದು ಅವರನ್ನು ಜನಪರರೆಂದು ತಿಳಿಯುವಂತಿಲ್ಲ. ಮೆಕ್ಸಿಕೊದ ಪಾರ್ರಾಲ್‌ನ ಬೆಳ್ಳಿ ಗಣಿಗಳಿಗೆ ಬೇಕಾದ ಉಪ್ಪನ್ನು ಇದೇ ಜನರಿಂದ ಹೊರಿಸಿ ಸಾಗಿಸುವ ವ್ಯವಹಾರದಲ್ಲಿ ಅವರ ಲಾಭವೂ ಇತ್ತು. ಪಾದ್ರಿಗಳೂ ಅಧಿಕಾರಿಗಳೂ ಒಬ್ಬರನ್ನೊಬ್ಬರು ದೂರುತ್ತಿದ್ದಾಗ ಇಬ್ಬರ ಕೆಲಸವನ್ನೂ ಮಾಡುತ್ತಿದ್ದವರು ಈ ಊರಿನವರು.

ಲಾಸ್ ಉಮಾನಾಸ್‌ನ ದೊಡ್ಡ ಚರ್ಚಾದ ಸ್ಯಾನ್ ಬ್ಯುಯೆನಾವೆಂತೂರಾ ಕೂಡ ಅದೇ 1659ರ ಸುಮಾರಿಗೆ ಆರಂಭವಾಯಿತು. ಅದು ಪೂರ್ಣಗೊಳ್ಳಲೇ ಇಲ್ಲ. ಆ ಊರಿನ ಮನೆಗಳ ಕೋಣೆಗಳಲ್ಲಿ ಕೆಲವನ್ನು ಜನರು ಗುಟ್ಟಾಗಿ ತಮ್ಮ ಆಚರಣೆಗೆ ಬಳಸಿಕೊಂಡ ಗುರುತುಗಳು ಉತ್ಖನನದಲ್ಲಿ ಕಂಡಿವೆ. ಅಬೋದ ಅಂಗಳದ ಕೀವಾವನ್ನು ನೋಡಿದವರು ಈ ಗುಟ್ಟಿನ ಕೋಣೆಗಳನ್ನೂ ನೆನೆಯಬೇಕು.

ಉಪ್ಪಿನದಾರಿ (ಲಬ್ಬಕ್)

ನಾನು ಈ ದಾರಿಯಲ್ಲಿ ಹಲವು ಬಾರಿ ಓಡಾಡಿದವನು, ಪ್ರಯಾಣದ ಬಗ್ಗೆ ಮಾತ್ರ ಬರೆಯುತ್ತೇನೆ. ಡಲ್ಲಾಸ್‌ನಿಂದ ಲಬ್ಬಕ್, ಕ್ಲೋವಿಸ್ ಮಾರ್ಗವಾಗಿ ಹೊರಟರೆ ಚಾಲನೆಯೇ ಸುಮಾರು ಹತ್ತು ಗಂಟೆ. ಮಕ್ಕಳೂ ಹಿರಿಯರೂ ಇರುವುದರಿಂದ ಮೊದಲ ರಾತ್ರಿ ಕ್ಲೋವಿಸ್‌ನಲ್ಲಿ ತಂಗುವುದು ಒಳ್ಳೆಯದು. ಗಡಿ ದಾಟಿದಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದೂ ನಿಮಗೆ ಅನುಕೂಲ. ಅಲ್ಲಿಂದ ಹೆದ್ದಾರಿ 60ರಲ್ಲಿ ಫೋರ್ಟ್ ಸಮ್ನರ್, ವಾನ್, ಎನ್ಸಿನೊ, ವಿಲ್ಲಾರ್ಡ್ ದಾಟಿ ಮೌಂಟನ್‌ಏರ್ ತಲುಪುತ್ತೀರಿ. ಅಂತರರಾಜ್ಯ ಹೆದ್ದಾರಿ 40 ವೇಗವಾದದ್ದಾದರೂ ಈ ದಾರಿಯನ್ನೇ ಹಿಡಿಯಿರಿ ಎನ್ನುವುದಕ್ಕೆ ಕಾರಣವಿದೆ. ವಿಲ್ಲಾರ್ಡ್‌ಗೆ ಮುಂಚೆ ರಸ್ತೆಯ ಬದಿಯಲ್ಲಿ ಬೆಳ್ಳಗೆ ಹರಡಿದ ಉಪ್ಪಿನ ಕೆರೆಗಳು ಕಾಣುತ್ತವೆ. ಪ್ರಾಚೀನ ಸರೋವರವೊಂದು ಬತ್ತಿ ಉಳಿದ ತಗ್ಗುಗಳವು. ಸಲೀನಾಸ್ ಎಂಬ ಹೆಸರು ಬಂದದ್ದು ಆ ಉಪ್ಪಿನಿಂದ. ಬೆಳ್ಳಿ ಗಣಿಗಳಿಗೆ ಹೋಯಿತೆಂದು ಮೇಲೆ ಬರೆದಿರುವ ಉಪ್ಪು ಅದೇ. ಹೊಲಗಳು ಖಾಸಗಿಯವು, ಬೇಲಿ ದಾಟಬೇಡಿ; ಕಾರನ್ನು ಸುರಕ್ಷಿತವಾದ ಕಡೆ ನಿಲ್ಲಿಸಿ ನೋಡಿದರೆ ಸಾಕು.

ಇಡೀ ಪ್ರದೇಶ ಸುಮಾರು 6,500 ಅಡಿ ಎತ್ತರದಲ್ಲಿದೆ. ಹಿರಿಯರು ಮೊದಲ ದಿನ ನಿಧಾನವಾಗಿ ನಡೆಯಲಿ, ನೀರು ಹೆಚ್ಚು ಕುಡಿಯಲಿ. ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಮೌಂಟನ್‌ಏರ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಂಡೇ ದಕ್ಷಿಣಕ್ಕೆ ತಿರುಗಿ. ಗ್ರಾನ್ ಕಿವೀರಾದ ಹತ್ತಿರ ಅಂಗಡಿಯಾಗಲಿ ಬಂಕಾಗಲಿ ಇಲ್ಲ, ಫೋನಿನ ಸಿಗ್ನಲ್ ಕೂಡ ನಂಬುವಂತಿಲ್ಲ. ಸಸ್ಯಾಹಾರಿಗಳಾಗಿದ್ದರೆ ಚಪಾತಿ, ಚಿತ್ರಾನ್ನ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ, ಕ್ವಾರೈಯ ಮರಗಳ ಕೆಳಗೆ ಕುಳಿತು ಊಟ ಮಾಡಬಹುದು. ಬಾಗಿಲು ತೆರೆದಿರುವ ವೇಳೆಯನ್ನು ಹೊರಡುವ ಹಿಂದಿನ ದಿನ ಪರಿಶೀಲಿಸಿಕೊಳ್ಳಿ. ಮಕ್ಕಳಿಗೆ ರೈಲು ಇಷ್ಟವಾದರೆ ಅಬೋ ಕಡೆಗೆ ಹೋಗುವಾಗ ಉದ್ದುದ್ದ ಸರಕು ರೈಲುಗಳು ಕಾಣಸಿಗುತ್ತವೆ.

ಹೊಸಬ (ಡೆನ್ವರ್)

ನಮಗೆ ಅರ್ಧ ದಿನ ಮಾತ್ರ ಇದ್ದು ಸಾಂತಾ ಫೆ ಕಡೆಯಿಂದ ಬರುವುದಾದರೆ ಯಾವುದನ್ನು ನೋಡಬಹುದು?

ಮರಳುಗಲ್ಲು (ಆಲ್ಬುಕರ್ಕಿ)

ಹಾಗಿದ್ದರೆ ಇಂಥದೇ ಇನ್ನೊಂದು ಅವಶೇಷವಾದ ಪೆಕೋಸ್‌ಗೆ ಹೋಗಿ, ಅದು ಸಾಂತಾ ಫೆಗೆ ಹತ್ತಿರ. ಸ್ಪೇನ್‌ನವರ ವಿರುದ್ಧ ಪ್ಯೂಬ್ಲೊ ಜನರು ಎದ್ದ 1680ರ ದಂಗೆಯಲ್ಲಿ ಅಲ್ಲಿನ ಮೊದಲ ದೊಡ್ಡ ಚರ್ಚನ್ನು ಜನರೇ ಸುಟ್ಟರು. ಈಗ ನಿಂತಿರುವ ಮಣ್ಣಿಟ್ಟಿಗೆಯ ಗೋಡೆಗಳು ಆಮೇಲೆ, ಮೊದಲಿನ ಅಡಿಪಾಯದೊಳಗೆ ಸಣ್ಣದಾಗಿ ಕಟ್ಟಿದ ಚರ್ಚಿನವು. ಸಲೀನಾಸ್‌ಗೆ ಅರ್ಧ ದಿನ ಸಾಲದು.

ದಾರಿಬುತ್ತಿ (ಡಲ್ಲಾಸ್)

ಕಳೆದ ಭಾನುವಾರ ಹಿಂದಿರುಗಿದೆವು. ನೀವೆಲ್ಲ ಇಷ್ಟು ಶ್ರಮವಹಿಸಿ ಬರೆದಿದ್ದೀರಿ, ನಡೆದದ್ದನ್ನು ತಿಳಿಸದಿದ್ದರೆ ತಪ್ಪಾಗುತ್ತದೆ.

ಕ್ರಮದ ವಿಷಯದಲ್ಲಿ ಇಬ್ಬರ ಮಾತನ್ನೂ ಉಳಿಸಿಕೊಂಡೆವು: ಮೊದಲ ದಿನ ಮಧ್ಯಾಹ್ನ ಕ್ವಾರೈ ಮತ್ತು ಅಬೋ ನೋಡಿ, ಗ್ರಾನ್ ಕಿವೀರಾವನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡೆವು. ಮುಂದೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ. ಕ್ವಾರೈಯ ಒರತೆಯ ಬಳಿ ಮಕ್ಕಳು ಕೈ ತೊಳೆದು ಊಟಕ್ಕೆ ಕುಳಿತರು. ಅತ್ತೆಯವರು ಚರ್ಚಿನ ಹೆಬ್ಬಾಗಿಲಿನ ಹೊಸ್ತಿಲನ್ನು ಮುಟ್ಟಿ ನಮಸ್ಕರಿಸಿಯೇ ಒಳಗೆ ಬಂದರು. ಆಮೇಲೆ ಗೋಡೆಯ ಹತ್ತಿರ ಹೋಗಿ, ಮುಟ್ಟದೆ, ಕಲ್ಲುಗಳ ಸಂದನ್ನು ಬಹಳ ಹೊತ್ತು ನೋಡಿದರು. ತಮ್ಮ ತವರಿನಲ್ಲಿ ಹಟ್ಟಿಯ ಗೋಡೆಗೆ ಅಮ್ಮ ಮಣ್ಣು ಕಲಸಿ ಮೆತ್ತುತ್ತಿದ್ದುದನ್ನು ಅವರು ನಮಗೆ ಹೇಳಿದ್ದು ಅದೇ ಮೊದಲು. ಅಬೋದ ಕೀವಾದ ಅಂಚಿನಲ್ಲಿ ಮಾವನವರೂ ನನ್ನ ಯಜಮಾನರೂ ಎರಡು ವಿವರಣೆಗಳ ಬಗ್ಗೆ ವಾದಿಸಿದರು. ಅಂಗಳದ ಸರಿಯಾದ ನಡುವಿನಲ್ಲಿ ಅದು ಇರುವುದನ್ನು ಹೆಜ್ಜೆಯಲ್ಲಿ ಅಳೆದ ಬಳಿಕ ಮಾವನವರು ಮರಳುಗಲ್ಲು ಅವರ ಪಕ್ಷಕ್ಕೆ ಬಂದರು.

ಮರುದಿನ ಲಾಸ್ ಉಮಾನಾಸ್‌ನಲ್ಲಿ (ಮಾವನವರು ಆ ಹೆಸರನ್ನೇ ಬಳಸಬೇಕೆನ್ನುತ್ತಾರೆ) ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಏಳನೆಯ ದಿಬ್ಬದ ಕೋಣೆಗಳು ನಾನು ಊಹಿಸಿದ್ದಕ್ಕಿಂತ ಬಹಳ ಚಿಕ್ಕವು, ಒಂದಕ್ಕೊಂದು ಹೆಗಲು ತಾಗಿಸಿ ನಿಂತಂತಿವೆ. ಮುಗಿಯದೆ ನಿಂತ ಚರ್ಚಿನೊಳಗೆ ಹೋದಾಗ ಚಿಕ್ಕವನು ನೀರಿನ ಬಾಟಲಿ ಕೇಳಿದ, ಕಾರಿನಲ್ಲೇ ಬಿಟ್ಟಿದ್ದೆವು. ಅದನ್ನು ತರಲು ಇಳಿದು ಮತ್ತೆ ಹತ್ತಿದ ನನ್ನ ಯಜಮಾನರನ್ನು ನೋಡುತ್ತ ಮಾವನವರು, ಇಷ್ಟು ದೊಡ್ಡ ಗೋಡೆಗೆ ಗಾರೆ ಕಲಸಲು ಎಷ್ಟು ಕೊಡ ನೀರು ಹೊತ್ತಿರಬೇಕು ಎಂದು ಕೇಳಿದರು.

ಅವರಿಗೆ ಈಗ ಒಂದೇ ಸಂಗತಿ ಬೇಕಾಗಿದೆ: ಅಲ್ಲಿಂದ ಹೊರಟವರು ಎಲ್ಲಿಗೆ ಹೋದರು, ಅವರ ಮನೆತನದವರು ಇಂದು ಎಲ್ಲಿದ್ದಾರೆ? ಡಿಸೆಂಬರ್‌ನಲ್ಲಿ ಅವರು ಊರಿಗೆ ಮರಳುವ ಮುನ್ನ ಆ ಜಾಗವನ್ನೂ ತೋರಿಸಬೇಕೆಂದಿದ್ದೇನೆ.

ನೀರುಗಂಟಿ (ಫೀನಿಕ್ಸ್)

ಹಾಗಾದರೆ ಎಲ್ ಪಾಸೊಗೆ ಕರೆದುಕೊಂಡು ಹೋಗಿ. ಸಲೀನಾಸ್‌ನಿಂದ ಹೊರಟವರಲ್ಲಿ ಬಹುಮಂದಿ ರಿಯೊ ಗ್ರಾಂದೆ ನದಿಯ ದಡದ ಊರುಗಳನ್ನು, ಮುಖ್ಯವಾಗಿ ಇಸ್ಲೆಟಾವನ್ನು ಸೇರಿದರು. 1680ರ ದಂಗೆಯ ಸಮಯದಲ್ಲಿ ಸ್ಪೇನ್‌ನವರು ದಕ್ಷಿಣಕ್ಕೆ ಹಿಂದೆ ಸರಿದಾಗ ಇಸ್ಲೆಟಾದ ಹಲವರೂ ಅವರೊಡನೆ ಹೋಗಬೇಕಾಯಿತು, ಎಲ್ ಪಾಸೊ ಬಳಿ ಇಸ್ಲೆಟಾ ದೆಲ್ ಸುರ್ ಎಂಬ ಹೊಸ ಊರು ಹುಟ್ಟಿತು. ಆ ಸಮುದಾಯ ಇಂದಿಗೂ ಅಲ್ಲಿದೆ. ಅವರ ಮಿಷನ್ ಚರ್ಚು 1907ರಲ್ಲಿ ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಲ್ಪಟ್ಟಿತು, ಈಗಲೂ ಬಲಿಪೂಜೆ (ಕ್ಯಾಥೊಲಿಕರ ‘ಮಾಸ್’ ಪ್ರಾರ್ಥನೆ) ನಡೆಯುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಸೊಕೊರ್ರೊ ಮಿಷನ್ ಸಿಗುತ್ತದೆ; ನೆರೆಯಲ್ಲಿ ಹಾಳಾದ ಹಳೆಯ ಚರ್ಚಿನಿಂದ ಉಳಿಸಿ ತಂದ ಕೆತ್ತನೆಯ ತೊಲೆಗಳು ಅದರ ಚಾವಣಿಯಲ್ಲಿವೆ. ಸಲೀನಾಸ್‌ನ ಮೂರು ಚರ್ಚುಗಳಲ್ಲೂ ನಿಮಗೆ ಕಾಣದೆ ಹೋದದ್ದು ಚಾವಣಿಯೇ, ಆದ್ದರಿಂದ ಅಲ್ಲಿ ಒಳಗೆ ಹೋಗಿ ತಲೆಯೆತ್ತಿ ನೋಡಲು ಮಾವನವರಿಗೆ ಹೇಳಿ. ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಹೋಗುವುದಾದರೆ ಹಿಂದಿನ ಸಾಲಿನಲ್ಲಿ ಕುಳಿತು, ಮುಗಿಯುವವರೆಗೆ ಚಿತ್ರ ತೆಗೆಯದೆ ಇರಬೇಕು.